ಒಂಬತ್ತನೇ ನಂಬರಿನ ಮಾತು

ಜುಲೈ 3, ಸೋಮವಾರ. ಊಟದ ಬಿಡುವು

ಬೆಳಿಗ್ಗೆಯಿಂದ ಅರವತ್ನಾಲ್ಕು ಕಾಗದ. ಐವತ್ತೆಂಟಕ್ಕೆ ಎರಡನೇ ನಮೂನೆ, ಮೂರಕ್ಕೆ ಒಂದನೇದು. ಉಳಿದ ಮೂರು ಬರೀ ಬೈಗುಳ. ಬೈಗುಳಕ್ಕೆ ಉತ್ತರ ಕೊಡುವ ನಮೂನೆ ಇನ್ನೂ ಯಾರೂ ಮಾಡಿಲ್ಲ.

ಮೇಯರ್ ಕಚೇರಿಗೆ ಯಾರು ಏನೇ ಬರೆಯಲಿ, ನಮ್ಮ ಪತ್ರ ವಿಭಾಗದಿಂದ ಹೋಗುವುದು ಮೂರರಲ್ಲಿ ಒಂದು. ಒಂದನೇದು — ನಿಮ್ಮ ಕೋರಿಕೆ ಈಡೇರಿದೆ. ಎರಡನೇದು — ನಿಮ್ಮ ವಿಷಯ ಪರಿಶೀಲನೆಯಲ್ಲಿದೆ. ಮೂರನೇದು — ಸಾಧ್ಯವಿಲ್ಲ, ವಿಷಾದಿಸುತ್ತೇವೆ. ಹನ್ನೊಂದು ವರ್ಷದಲ್ಲಿ ಮೂರನೇದನ್ನು ಯಾರಿಗೂ ಕಳಿಸಿದ ನೆನಪಿಲ್ಲ. ಕಟ್ಟು ಬಿಚ್ಚೇ ಇಲ್ಲ. ಲಕೋಟೆ ಅಂಟಿಸುವ ಗೋಂದಕ್ಕ ಅದರ ಮೇಲೆ ಟೀ ಲೋಟ ಇಡುತ್ತಾಳೆ. ಮೇಯರುಗಳು ಮೂರು ಜನ ಬಂದು ಹೋದರು. ಎರಡನೇ ನಮೂನೆ ಮಾತ್ರ ಎಲ್ಲರಿಗೂ ಹೊಂದಿಕೊಂಡಿದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ — ಆಚೆಯೂ ಬೆಳಕು, ಈಚೆಯೂ ಬೆಳಕು, ದಾರಿ ಮಾತ್ರ ಯಾರಿಗೂ ಕಾಣದು.

ಇವತ್ತಿನ ಐವತ್ತೆಂಟರಲ್ಲಿ ಹತ್ತೊಂಬತ್ತು ನಮ್ಮ ಗುಡ್ಡದ ಬಡಾವಣೆಯವು. ಎಲ್ಲದರಲ್ಲೂ ಒಂದೇ ಪ್ರಶ್ನೆ. ಒಂಬತ್ತನೇ ನಂಬರ್ ಬಸ್ಸು ಯಾವಾಗ?

ಹತ್ತೊಂಬತ್ತೂ ನನಗೆ ಗೊತ್ತಿರುವ ಕೈಬರಹ. ಒಂದೊಂದಕ್ಕೂ ಮೇಯರ್ ಸಹಿಯ ಮುದ್ರೆ ಒತ್ತಿ, ಕೆಳಮೂಲೆಯಲ್ಲಿ ನನ್ನ ಗೀಚು ಹಾಕಿ, ಗೋಂದಕ್ಕನ ಕಡೆ ತಳ್ಳಿದೆ. ಪತ್ರ ತಯಾರಿಸಿದವರು ಮೂಲೆಯಲ್ಲಿ ಗುರುತು ಹಾಕಬೇಕು, ಅದು ಇಲ್ಲಿನ ಪದ್ಧತಿ. ಊಟದ ಡಬ್ಬಿ ತೆರೆದಿದ್ದೇನೆ. ಸೇರುತ್ತಿಲ್ಲ.

ಜುಲೈ 4, ಮಂಗಳವಾರ. ಸಂಜೆ

ಅಪ್ಪ ಈಗ ಮಧ್ಯಾಹ್ನದ ಬಿಸಿಲಲ್ಲಿ ಹಾಲು ತರಲು ಹೋಗುತ್ತಾನೆ. ಯಾಕಂದರೆ ಆ ಹೊತ್ತಿಗೆ ಬೀದಿಯಲ್ಲಿ ಯಾರೂ ಇರುವುದಿಲ್ಲ. ಅಮ್ಮ ಇವತ್ತು ಹೇಳಿದಳು. ನಗುತ್ತಲೇ ಹೇಳಿದಳು, ಆದರೆ ನಗುವಂಥದ್ದಲ್ಲ.

ಇಪ್ಪತ್ತಾರು ವರ್ಷ ಒಂಬತ್ತನೇ ನಂಬರ್ ಓಡಿಸಿದವನು. ಗುಡ್ಡದಲ್ಲಿ ಎಲ್ಲರಿಗೂ ಡ್ರೈವರಣ್ಣ. ಅವನು ರಿಟೈರ್ ಆದ ವರ್ಷವೇ ಬಸ್ಸು ನಿಂತಿತು. ಕಾರಣ ಯಾರೂ ಹೇಳಲಿಲ್ಲ. ಎರಡನೇ ನಮೂನೆ ಹೋಗಿರಬೇಕು. ಅಲ್ಲಿಂದ ಇಲ್ಲಿಯವರೆಗೆ ಎಲ್ಲರೂ ಕಾಲ್ನಡಿಗೆ. ಗ್ಯಾಸ್ ಸಿಲಿಂಡರು, ತರಕಾರಿ ಚೀಲ, ಬಸುರಿ ಹೆಂಗಸರು, ಎಲ್ಲ ಆ ಏರಿನಲ್ಲೇ.

ಈ ಸಲದ ಚುನಾವಣೆಗೆ ಟೀಚರ್ ನಿಂತರು, ಈಗ ನಮ್ಮ ಮೇಯರ್ ಅವರೇ. ಮೂವತ್ತು ವರ್ಷ ಗಣಿತ ಕಲಿಸಿದವರು. ಹಳೇ ಬಸ್ ತಂಗುದಾಣದ ಕಟ್ಟೆ ಹತ್ತಿ, ಮೈಕ್ ಇಲ್ಲದೆ ಹೇಳಿದರು — ಗೆದ್ದು ನೂರು ದಿನದೊಳಗೆ ಒಂಬತ್ತನೇ ನಂಬರು ಈ ಗುಡ್ಡ ಹತ್ತುತ್ತದೆ. ಪ್ರಣಾಳಿಕೆಯ ನಲವತ್ತೆರಡು ಭರವಸೆಗಳಲ್ಲಿ ಅದು ಹದಿನೇಳನೆಯದು. ಅಪ್ಪನ ಕಣ್ಣು ತುಂಬಿತ್ತು. ಮಾರನೇ ದಿನದಿಂದ ಒಂದು ನೋಟ್‌ಬುಕ್ ಹಿಡಿದು ಮನೆಮನೆ ಸುತ್ತಿದ. ನೂರ ನಲವತ್ತಮೂರು ಮನೆ. ಪಕ್ಷದವರು ಯಾರೂ ಕೇಳಿರಲಿಲ್ಲ, ಇವನೇ ಹೋದ. "ನಾನು ಹೇಳ್ತಿದ್ದೀನಿ, ಬಸ್ಸು ಬರುತ್ತೆ" ಅಂದ. ಜನ ನಂಬಿದರು. ಟೀಚರನ್ನು ನಂಬಿದ್ದಕ್ಕಿಂತ ಹೆಚ್ಚಾಗಿ ಇವನನ್ನು.

ಆ ಕಟ್ಟೆಗೆ ಅವನು ಹೋಗಿದ್ದು ನನ್ನ ಮಾತು ಕೇಳಿ. ಟೀಚರ್ ಒಳ್ಳೇವರು ಅಪ್ಪ, ಹೇಳಿದ್ದು ಮಾಡ್ತಾರೆ ಅಂತ ನಾನೇ ಹೇಳಿದ್ದೆ.

ನೂರು ದಿನ ಜುಲೈ 18ಕ್ಕೆ.

ಜುಲೈ 7, ಶುಕ್ರವಾರ

ನೋಡಬಾರದಿತ್ತು. ನೋಡಿದೆ.

ಟೀಚರ್ ಕೊಠಡಿಯಿಂದ ಸಹಿ ಮುದ್ರೆಯ ಇಂಕ್ ತರಲು ಹೋಗಿದ್ದೆ. ಮೇಜಿನ ಮೇಲೆ ಸಾರಿಗೆ ಫೈಲು ತೆರೆದೇ ಇತ್ತು. ಹದಿನೇಳನೇ ಭರವಸೆಯ ಪೂರ್ತಿ ಮೊತ್ತ ಕೆಳಪೇಟೆಯ ಕುಡಿಯುವ ನೀರಿನ ಪೈಪಿಗೆ ವರ್ಗ. ಕೆಳಗೆ ಟೀಚರ ಸ್ವಂತ ಅಕ್ಷರ, ಕಪ್ಪು ಹಲಗೆ ಮೇಲೆ ಬರೆದಂತೆ ದುಂಡಗೆ — 'ಈ ಅವಧಿಯಲ್ಲಿ ಬಸ್ಸು ಸಾಧ್ಯವಿಲ್ಲ. ಆಗಸ್ಟ್ ಸಭೆಯವರೆಗೆ ಹೊರಗೆ ತಿಳಿಯಬಾರದು.'

ಕೆಳಪೇಟೆಯ ಪೈಪಿಗೆ ಚರಂಡಿ ನೀರು ಸೇರಿದ್ದು ಮೇ ತಿಂಗಳಲ್ಲಿ. ನಲವತ್ತು ಮಕ್ಕಳಿಗೆ ಕಾಮಾಲೆ. ಆ ತಾಯಂದಿರ ಕಾಗದಗಳಿಗೂ ನಾನೇ ಎರಡನೇ ನಮೂನೆ ಕಳಿಸಿದ್ದು. ಈಗ ಅವರಿಗೆ ಒಂದನೇದು ಹೋಗುತ್ತದೆ. ಸಂತೋಷ ಪಡಬೇಕು. ಪಟ್ಟೆ ಕೂಡ. ಮೆಟ್ಟಿಲು ಇಳಿಯುವಾಗ ಅಪ್ಪನ ನೋಟ್‌ಬುಕ್ ನೆನಪಾಯಿತು. 

ಹೊರಗೆ ತಿಳಿಯಬಾರದು. ನಾನು ಒಳಗಿನವಳೋ ಹೊರಗಿನವಳೋ?

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಜುಲೈ 12, ಬುಧವಾರ. ಬೆಳಿಗ್ಗೆ 11

ಕಟ್ಟಿನಲ್ಲಿ ಹದಿನಾಲ್ಕನೇ ಲಕೋಟೆ. ಅಪ್ಪನ ಅಕ್ಷರ.

ಮನೆಯಲ್ಲಿ ಒಂದು ಮಾತು ಹೇಳಿಲ್ಲ. ನಾನು ಓದುತ್ತೇನೆಂದು ಗೊತ್ತಿದ್ದೇ ಸ್ಟಾಂಪ್ ಹಚ್ಚಿ ಪೋಸ್ಟ್ ಮಾಡಿದ್ದಾನೆ. ಕಚೇರಿಗೆ ಬರೆದಿದ್ದು ಕಚೇರಿಗೆ, ಮಗಳಿಗೆ ಅಲ್ಲ.

'ಮಾನ್ಯ ಮೇಯರ್ ಅವರಿಗೆ. ನಾನು ನಿವೃತ್ತ ಬಸ್ ಚಾಲಕ. ತಮ್ಮ ಪರವಾಗಿ ನೂರ ನಲವತ್ತಮೂರು ಮನೆಗೆ ಹೋಗಿ ಒಂಬತ್ತನೇ ನಂಬರ್ ಬಸ್ಸು ಬರುತ್ತದೆ ಎಂದು ಹೇಳಿದ್ದೇನೆ. ತಾವು ನಲವತ್ತೆರಡು ಭರವಸೆ ಕೊಟ್ಟಿದ್ದೀರಿ. ನಾನು ಕೊಟ್ಟಿರುವುದು ಒಂದೇ. ಬಸ್ಸು ಬರುತ್ತದೋ ಇಲ್ಲವೋ ದಯವಿಟ್ಟು ತಿಳಿಸಿ. ಬರದಿದ್ದರೆ ಜನರಿಗೆ ನಾನೇ ಹೇಳಬೇಕು. ಅದಕ್ಕಾಗಿ ಕೇಳುತ್ತಿದ್ದೇನೆ.'

ಎದ್ದು ನೀರು ಕುಡಿದು ಬಂದೆ. ಮತ್ತೆ ಎದ್ದೆ. ಗೋಂದಕ್ಕ ಕೇಳಿದಳು, ಕುರ್ಚಿಯಲ್ಲಿ ಮುಳ್ಳಿದೆಯಾ ಅಂತ.

ಮಧ್ಯಾಹ್ನ 3

ಎರಡನೇ ನಮೂನೆ ಕಳಿಸಿದೆ. ಬೇರೆ ಏನು ಕಳಿಸಲಿ? ಮುದ್ರೆ ಒತ್ತಿದೆ. ಹೆಸರು, ವಿಳಾಸ ತುಂಬಿದೆ. ನಮ್ಮದೇ ಮನೆ ವಿಳಾಸ. ಗೋಂದಕ್ಕ ಅಂಟಿಸಿ ಚೀಲಕ್ಕೆ ಹಾಕಿದಳು. ಚೀಲ ಹೋದ ಮೇಲೆ ಹೊಳೆಯಿತು — ಕೈ ಅಭ್ಯಾಸ, ಮೂಲೆಯಲ್ಲಿ ನನ್ನ ಗೀಚು ಹಾಕಿಬಿಟ್ಟಿದ್ದೇನೆ. ಗೋಂದಕ್ಕನದು ಹಾಕಿಸಬಹುದಿತ್ತು. ಐದನೇ ಕ್ಲಾಸಿನಿಂದ ಅದೇ ಗೀಚು. ಪ್ರೋಗ್ರೆಸ್ ಕಾರ್ಡ್ ಮೇಲೆ ಅಪ್ಪನ ಸಹಿ ಕದ್ದು ಮಾಡಿ ಸಿಕ್ಕಿಬಿದ್ದಾಗ, "ಇನ್ನೊಬ್ಬರ ಸಹಿ ಹಾಕ್ಬೇಡ, ನಿಂದೇ ಒಂದು ಮಾಡ್ಕೋ" ಅಂತ ಕಲಿಸಿದ್ದೇ ಅವನು.

ಜುಲೈ 15, ಶನಿವಾರ

ಬಂತು.

ಅಪ್ಪ ಕನ್ನಡಕ ಹಾಕಿಕೊಂಡು ಅಮ್ಮನಿಗೆ ಕೇಳುವಂತೆ ಓದಿದ. ಪರಿಶೀಲನೆಯಲ್ಲಿದೆ ಅನ್ನುವಲ್ಲಿ ಅಮ್ಮ ನಕ್ಕಳು. ಹೊಳೆ ದಾಟೋ ತನಕ ಅಂಬಿಗ, ದಾಟಿದ ಮೇಲೆ ನೀನ್ಯಾರಯ್ಯ ಅಂದಳು. ಅಪ್ಪ ನಗಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದ. ಬೆರಳು ಕೆಳಮೂಲೆಗೆ ಹೋಗಿ ನಿಂತಿತು.

ನನ್ನ ಕಡೆ ನೋಡದೆ ಕೇಳಿದ. "ಬರುತ್ತಾ, ಬರಲ್ವಾ?"

"ಪರಿಶೀಲನೆಯಲ್ಲಿದೆ ಅಪ್ಪ."

ಇದನ್ನು ನಾನು ಹೇಳಿದೆ. ನನ್ನ ಬಾಯಿಂದಲೇ ಬಂತು. ಅಡುಗೆಮನೆಯಲ್ಲಿ, ಕೈಯಲ್ಲಿ ಈರುಳ್ಳಿ ಹಿಡಿದುಕೊಂಡು, ಹೆತ್ತ ಅಪ್ಪನಿಗೆ. ಮೂಗಿಗೆ ತುಪ್ಪ ಸವರುವುದು ಕಚೇರಿ ಕೆಲಸ ಅಂದುಕೊಂಡಿದ್ದೆ. ಮನೆಗೂ ತಂದಿದ್ದೇನೆ.

ಅಪ್ಪ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನೋಟ್‌ಬುಕ್ಕಿನೊಳಗೆ ಇಟ್ಟ.

ಜುಲೈ 16, ಭಾನುವಾರ

ಅಪ್ಪ ಮಾತಾಡುತ್ತಿಲ್ಲ. ಸಿಟ್ಟಲ್ಲ. ಸಿಟ್ಟಾಗಿದ್ದರೆ ಪಾತ್ರೆ ಸದ್ದು ಮಾಡುತ್ತಿದ್ದ.

ಜುಲೈ 18, ಮಂಗಳವಾರ

ನೂರನೇ ದಿನ. ಪೇಪರಿನಲ್ಲಿ ಪುಟ ತುಂಬ ಜಾಹೀರಾತು, ನೂರು ದಿನ ನೂರು ಹೆಜ್ಜೆ. ಭರವಸೆಗಳ ಪಟ್ಟಿಯಲ್ಲಿ ಹದಿನಾರರಿಂದ ನೇರ ಹದಿನೆಂಟಕ್ಕೆ ಹಾರಿದ್ದಾರೆ. ಗಣಿತದ ಟೀಚರು.

ಸಂಜೆ ಕೆಲಸ ಮುಗಿಸಿ ಏರು ಹತ್ತಿ ಬರುತ್ತಿದ್ದೆ. ತಂಗುದಾಣದ ಹತ್ತಿರ ಏಳೆಂಟು ಜನ. ಮಧ್ಯಾಹ್ನ ಹಾಲು ಸಿಕ್ಕಿರಲಿಲ್ಲವೋ ಏನೋ, ಅಪ್ಪ ಹಾಲಿನ ಡಬ್ಬಿ ಹಿಡಿದು ನಡುವೆ ಸಿಕ್ಕಿಕೊಂಡಿದ್ದಾನೆ. ಟೈಲರು ಕೈ ಕಿವಿಗಿಟ್ಟುಕೊಂಡು, "ಹಾರ್ನ್ ಕೇಳಿಸ್ತಾ ಡ್ರೈವರಣ್ಣ?" ಅಂದ. ಎಲ್ಲ ನಕ್ಕರು. ಕೆಟ್ಟ ನಗು ಅಲ್ಲ ಅದು, ದಿನವೂ ನಗುವ ನಗುವೇ. ಅಪ್ಪ ತಾನೂ ನಗಲು ನೋಡಿದ. ಬಾಯಿ ಅರ್ಧಕ್ಕೆ ಹೋಗಿ ನಿಂತಿತು. ಆ ಬಾಯಿ ನೋಡಿದೆ ನೋಡು —

ಮನೆ ಬಾಗಿಲು ಹಾಕಿದ ತಕ್ಷಣ ಹೇಳಿಬಿಟ್ಟೆ. ಬಸ್ಸು ಬರಲ್ಲ ಅಪ್ಪ. ಈ ಐದು ವರ್ಷ ಬರಲ್ಲ. ಕೆಳಪೇಟೆ ನೀರಿನ ಪೈಪಿಗೆ ಹೋಯ್ತು. ಹನ್ನೊಂದು ದಿನದಿಂದ ನನಗೆ ಗೊತ್ತು.

ಬೈಯಲಿ ಅಂತ ಕಾದೆ. ಅವನು ಚಪ್ಪಲಿ ಬಿಡುವುದನ್ನು ಮರೆತು ಒಳಗೆ ಬಂದು ಕೂತ. ಹಾಲಿನ ಡಬ್ಬಿ ಕೆಳಗಿಟ್ಟು, "ಆ ಮಕ್ಕಳಿಗೆ ನೀರು ಮೊದಲು. ಅದು ಸರಿಯಾಗೇ ಇದೆ" ಅಂದ. ಆಮೇಲೆ, "ಒಂದು ಮಾತು ಹೇಳಬಾರದಿತ್ತಾ? ಯಾರೂ ಕಚ್ತಿರ್ಲಿಲ್ಲ" ಅಂದ. ಟೀಚರಿಗೆ ಹೇಳಿದ್ದೋ ನನಗೆ ಹೇಳಿದ್ದೋ ಗೊತ್ತಾಗಲಿಲ್ಲ. ನಾನು ಅತ್ತುಬಿಟ್ಟೆ.

ಜುಲೈ 24, ಸೋಮವಾರ

ಆರು ದಿನ ಬರೆದಿಲ್ಲ. ಪೆನ್ನು ಹಿಡಿದರೆ ಕೂರಲಾಗುತ್ತಿರಲಿಲ್ಲ.

ಅಪ್ಪ ಶುರು ಮಾಡಿದ್ದಾನೆ. ಅದೇ ನೋಟ್‌ಬುಕ್, ಅದೇ ನೂರ ನಲವತ್ತಮೂರು ಮನೆ. ಬಾಗಿಲು ಬಡಿದು, ಬಸ್ಸು ಬರಲ್ಲ, ನಾನು ಹೇಳಿದ್ದೆ, ತಪ್ಪಾಯಿತು ಅನ್ನುತ್ತಾನಂತೆ. ಬಿಸಿಲಲ್ಲಿ ದಿನಕ್ಕೆ ಎಂಟೋ ಹತ್ತೋ. ಮುಗಿದ ಮನೆಗೆ ಎರಡನೇ ಟಿಕ್. ಕೊಟ್ಟವನೇ ವಾಪಸ್ ತಗೋಬೇಕು, ಇಲ್ಲದಿದ್ದರೆ ಅದು ಬೀದಿಯಲ್ಲಿ ಬಿದ್ದಿರುತ್ತೆ ಅಂತ ಅಮ್ಮನ ಹತ್ತಿರ ವಾದ. ಅಮ್ಮ ಛತ್ರಿ ಕೊಟ್ಟು ಕಳಿಸುತ್ತಾಳೆ. ಅವಳ ಒಪ್ಪಿಗೆ ಯಾವಾಗಲೂ ಹಾಗೇ.

ಇವತ್ತು ಧೈರ್ಯ ಮಾಡಿದೆ. ಮೂರನೇ ನಮೂನೆಯ ಕಟ್ಟು ಬಿಚ್ಚಿದೆ. ಗುಡ್ಡದಿಂದ ಬಂದ ಎಲ್ಲ ಕಾಗದಕ್ಕೂ ಮೂರನೇದು ತುಂಬಿಸಿ, ಕೆಳಗೆ ಕಾರಣವನ್ನೂ ಎರಡು ಸಾಲು ಸೇರಿಸಿ, ಟೀಚರ ಕೊಠಡಿಗೆ ತಗೊಂಡು ಹೋದೆ. ಗೋಂದಕ್ಕ ಹಿಂದಿನಿಂದ, ಸೆರಗು ಸರಿ ಮಾಡ್ಕೊಂಡು ಹೋಗೇ, ಹೊರಗೆ ಹಾಕಿದರೂ ಲಕ್ಷಣವಾಗಿ ಬಾ ಅಂದಳು.

ಸಲಹೆಗಾರ ಅಲ್ಲೇ ಇದ್ದ. ಇಡೀ ಚುನಾವಣೆ ನಡೆಸಿದವನು ಅವನೇ. ಹಾಳೆ ನೋಡಿದ ಕೂಡಲೇ ನಕ್ಕ. ಗೆದ್ದ ಮೇಲೂ ಪ್ರಣಾಳಿಕೆ ಓದೋರು ಸೋತವರು ಮಾತ್ರ ಅಂದ. ಜನಕ್ಕೆ ಇಲ್ಲ ಅನ್ನಬೇಡಿ, ಕಾಯಿಸಿ, ಕಾದು ಕಾದು ಅವರೇ ಮರೀತಾರೆ, ಯಾರ ಮನಸ್ಸಿಗೂ ನೋವಿಲ್ಲ ಅಂದ. ಎಷ್ಟು ನಯವಾಗಿ ಹೇಳುತ್ತಾನೆಂದರೆ, ಒಂದು ಕ್ಷಣ ನನಗೂ ಹೌದೆನ್ನಿಸಿತು.

ಟೀಚರ್ ಅವನನ್ನು ಹೊರಗೆ ಕಳಿಸಿದರು. ಕಿಟಕಿ ಹತ್ತಿರ ನಿಂತು ಮಾತಾಡಿದರು. ಮಾತು ಕೊಟ್ಟಾಗ ಪೈಪು ಒಡೆದಿರಲಿಲ್ಲ. ಆಸ್ಪತ್ರೆಯಲ್ಲಿ ಆ ಮಕ್ಕಳ ಹಳದಿ ಕಣ್ಣು ನೋಡಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಂದರು. ಕೊಟ್ಟ ಮಾತಿಗೆ ಕಟ್ಟುಬಿದ್ದು ಬಸ್ಸು ಬಿಟ್ಟಿದ್ದರೆ ಅದು ನಿಯತ್ತಾ, ಹಟವಾ ಅಂತ ನನ್ನನ್ನೇ ಕೇಳಿದರು.

ಪೈಪು ಸರಿ ಮೇಡಂ ಅಂದೆ. ನಮ್ಮಪ್ಪನೂ ಸರಿ ಅಂದ ಅಂದೆ.

"ಮತ್ತೆ?"

"ಮಾತು ಬದಲಾಯಿಸಿದ್ದಕ್ಕೆ ಯಾರಿಗೂ ಸಿಟ್ಟಿಲ್ಲ ಮೇಡಂ. ಬದಲಾಯಿಸಿದ್ದನ್ನ ಹೇಳಲಿಲ್ಲ, ಅದಕ್ಕೆ. ನೀವು ಕಟ್ಟೆ ಮೇಲೆ ನಿಂತು ಹೇಳಿದ್ದನ್ನ ನಮ್ಮಪ್ಪ ನೂರ ನಲವತ್ತಮೂರು ಬಾಗಿಲಿಗೆ ಹೊತ್ಕೊಂಡು ಹೋದ. ಈಗ ಒಬ್ಬನೇ ವಾಪಸ್ ಹೊರ್ತಿದ್ದಾನೆ."

ಹೆಚ್ಚಾಯಿತೇನೋ ಅನ್ನಿಸಿ ನಾಚಿಕೆಯಾಯಿತು. ಟೀಚರ್ ಹಾಳೆಗಳನ್ನು ತಗೊಂಡು ಡ್ರಾಯರಿನಲ್ಲಿಟ್ಟರು. ನೋಡೋಣ ಅಂದರು.

ನೋಡೋಣ ಅಂದರೆ ಎರಡನೇ ನಮೂನೆಯೇ. ಬಾಯಿಮಾತಿನದು.

ಜುಲೈ 27, ಗುರುವಾರ. ಸಂಜೆ

ಸಲಹೆಗಾರ ಪತ್ರ ವಿಭಾಗಕ್ಕೇ ಇಳಿದು ಬಂದ. ಈ ಕಡೆ ಅವನು ಯಾವತ್ತೂ ಬಂದವನಲ್ಲ, ಗೋಂದಕ್ಕ ಎದ್ದು ನಿಂತಳು. ಯಾರೋ ಮುದುಕ ಬಸ್ಸು ಬರಲ್ಲ ಅಂತ ಗುಡ್ಡದಲ್ಲಿ ಡಂಗೂರ ಹೊಡೀತಿದ್ದಾನಂತೆ, ವಿರೋಧ ಪಕ್ಷದವನಾ, ಯಾರು ಗೊತ್ತಾ ಅಂತ ಕೇಳಿದ.

"ನಮ್ಮಪ್ಪ."

"ಅವನಿಗೆ ಹೇಳಿದ್ದು ಯಾರು?"

"ನಾನು."

ಒಂದು ಗಂಟೆಯೊಳಗೆ ಮೆಮೊ ಟೈಪಾಗಿ ಬಂತು. ಫೈಲಿನ ಗುಟ್ಟು ಬಿಟ್ಟುಕೊಟ್ಟ ಬಗ್ಗೆ ಏಳು ದಿನದಲ್ಲಿ ವಿವರಣೆ. ನಮ್ಮ ಕಚೇರಿಯಲ್ಲಿ ಇಷ್ಟು ಬೇಗ ಹೋದ ಕಾಗದ ಇದೊಂದೇ ಇರಬೇಕು. ಗೋಂದಕ್ಕ ನನ್ನ ಡಬ್ಬಿ ತೊಳೆದು ತಂದುಕೊಟ್ಟಳು. ಹಾಗೆ ಎಂದೂ ಮಾಡಿದವಳಲ್ಲ. ಅದೇ ನನಗೆ ಹೆಚ್ಚು ಭಯವಾಯಿತು.

ಮನೆಯಲ್ಲಿ ಹೇಳಿಲ್ಲ. ಮತ್ತೆ ಮುಚ್ಚಿಡುತ್ತಿದ್ದೇನೆ. ನಾಯಿ ಬಾಲ ಡೊಂಕೇ.

ಜುಲೈ 30, ಭಾನುವಾರ

ಹೇಳಿದೆ. ಅಪ್ಪ ಮೆಮೊ ಎರಡು ಸಲ ಓದಿ, ಕೆಲಸ ಹೋದರೆ ಹೇಗೋ ಆಗುತ್ತೆ ಅಂದ. ಅಮ್ಮ ಮಾತ್ರ, ಹೇಗೋ ಅಂದರೆ ಹೇಗೆ ಅಂತ ಬಿಡಿಸಿ ಹೇಳಿ, ನಿಮ್ಮಿಬ್ಬರ ಸತ್ಯಕ್ಕೆ ಒಲೆ ಉರಿಯಲ್ಲ ಅಂದಳು. ಅವಳು ಹೇಳಿದ್ದೂ ನಿಜ.

ಇವತ್ತು ನಾನೂ ಅಪ್ಪನ ಜೊತೆ ಹೋದೆ. ಹದಿನೆಂಟು ಮನೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದವನು ಒಬ್ಬನೇ. ಒಬ್ಬಳು ಕುರ್ಚಿ ಹಾಕಿ ಫ್ಯಾನ್ ಹಾಕಿದಳು. ಒಬ್ಬ ಬಾಗಿಲು ತೆರೆದ, ಅಪ್ಪನನ್ನು ನೋಡಿ ಮುಚ್ಚಿದ. ಇನ್ನೊಂದು ಮನೆಯಲ್ಲಿ ಗಂಡಸು ಹೇಳಿದ, ಬಿಡಿ ಡ್ರೈವರಣ್ಣ, ಬಸ್ಸು ಬರಲ್ಲ ಅಂತ ನಮಗೆ ಮೊದಲೇ ಗೊತ್ತಿತ್ತು, ನೀವು ನಂಬಿದ್ದೀರಲ್ಲ ಅಂತ ಓಟು ಹಾಕಿದ್ವಿ. ಅಪ್ಪನಿಗೆ ಬೈಗುಳಕ್ಕಿಂತ ಇದು ಹೆಚ್ಚು ತಾಗಿತು. ಆಮೇಲಿನ ಮೂರು ಮನೆಯಲ್ಲಿ ಧ್ವನಿಯೇ ಏಳಲಿಲ್ಲ, ನಾನೇ ಹೇಳಬೇಕಾಯಿತು.

ಹೇಳಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯನ ಮುಖ ನೋಡಿ 'ಇಲ್ಲ' ಅಂದೆ. ಭಯವಾಯಿತು. ಆಮೇಲೆ ಹಗುರವೂ ಆಯಿತು. ಎರಡೂ ಬರೆದಿಡುತ್ತೇನೆ.

ಆಗಸ್ಟ್ 4, ಶುಕ್ರವಾರ

ಟೀಚರ್ ಕರೆಸಿದರು. ಮೇಜಿನ ಮೇಲೆ ನನ್ನ ಮೆಮೊ, ನನ್ನ ವಿವರಣೆ. ನಾನೇ ಹೇಳಿದೆ, ಅಪ್ಪನಿಗೆ ಹೇಳಿದೆ, ಸುಳ್ಳು ಹೇಳಲಾಗಲಿಲ್ಲ. ವಿವರಣೆ ಇಷ್ಟೇ, ಮೂರೇ ಸಾಲು. ಕೆಂಪು ಪೆನ್ನು ಹಿಡಿದು ಕೂತಿದ್ದರು. ಮೂವತ್ತು ವರ್ಷದ ಚಾಳಿ.

ಇನ್ನೂ ಎಷ್ಟು ಮನೆ ಉಳಿದಿವೆ ಅಂತ ಕೇಳಿದರು. ಐವತ್ತು ಅಂದೆ.

ಭಾನುವಾರ ನಾನೂ ಬರ್ತೀನಿ ಅಂದರು. ಕಾರು ಬೇಡ, ಪೇಪರಿನವರು ಬೇಡ, ಸಲಹೆಗಾರನಂತೂ ಬೇಡವೇ ಬೇಡ. ಹೊರಗೆ ಬರುವಾಗ ತಿರುಗಿ ನೋಡಿದೆ. ಮೆಮೊ ಹರಿಯಲಿಲ್ಲ, ಸಹಿಯನ್ನೂ ಮಾಡಲಿಲ್ಲ. ಮಗುಚಿ ಇಟ್ಟರು.

ಅಪ್ಪನಿಗೆ ಹೇಳಿದಾಗ, ಬರಲಿ ನೋಡೋಣ ಅಂದ. ಆದರೆ ಶರಟು ಇಸ್ತ್ರಿಗೆ ಕೊಡಿಸಿದ.

ಆಗಸ್ಟ್ 6, ಭಾನುವಾರ. ಸಂಜೆ 5

ಬಂದರು. ನಡೆದೇ ಬಂದರು. ತಂಗುದಾಣದ ಹತ್ತಿರ ಸೊಂಟಕ್ಕೆ ಕೈ ಕೊಟ್ಟು ನಿಂತು ಉಸಿರು ಬಿಟ್ಟರು. ದಿನಾ ಇದನ್ನ ಹತ್ತುತ್ತಾರಾ ಎಲ್ಲರೂ ಅಂತ ಕೇಳಿದರು. ಅಪ್ಪ ಹೌದು ಅಂದ. ಬೇರೆ ಏನೂ ಸೇರಿಸಲಿಲ್ಲ. ಒಳ್ಳೆಯವನು ನಮ್ಮಪ್ಪ.

ಮೊದಲು ಟೈಲರ್ ಮನೆ. ಅವನು ಕತ್ತರಿ ಹಿಡಿದೇ ಹೊರಗೆ ಬಂದ. ಟೀಚರ್ ನೇರ ಹೇಳಿದರು. ಬಸ್ಸು ತರ್ತೀನಿ ಅಂದಿದ್ದೆ, ತರೋಕಾಗಲ್ಲ, ನೀರಿಗೆ ಕೊಟ್ಟೆ, ಹೇಳದೆ ಇದ್ದದ್ದು ನನ್ನ ತಪ್ಪು. ಟೈಲರ್ ಕತ್ತರಿ ಮಡಚಿ, ಮುಂದಿನ ಸಲ ಓಟು ಕೇಳೋಕೆ ಬನ್ನಿ ಟೀಚರ್, ನಾನೂ ಪರಿಶೀಲನೆಯಲ್ಲಿಡ್ತೀನಿ ಅಂದ. ಟೀಚರ್ ಮುಖ ಕೆಂಪಾಯಿತು, ಆದರೆ ತಲೆಯಾಡಿಸಿದರು. ಅಪ್ಪ ಟಿಕ್ ಹಾಕಿದ. ನನಗೆ ಕುಣಿಯುವಷ್ಟು ಸಂತೋಷ.

ಎರಡನೇ ಮನೆ ರಿಟೈರ್ಡ್ ನರ್ಸ್. ಪೈಪು ಯಾವಾಗ ಮುಗಿಯುತ್ತೆ, ಎಷ್ಟು ಮಕ್ಕಳು, ಎಲ್ಲ ಕೇಳಿದರು. ಸರಿ, ಆದರೆ ನೋವಾಯ್ತು ಅಂತ ಹೇಳಿ ಬಾಗಿಲು ಮೆಲ್ಲಗೆ ಹಾಕಿಕೊಂಡರು. ಮತ್ತೊಂದು ಟಿಕ್.

ಮೂರನೇದು ಇಸ್ತ್ರಿ ಅಜ್ಜಿ. ಎರಡೂ ಮಂಡಿ ಹೋಗಿವೆ. ಬಟ್ಟೆಗಂಟು ಬೆನ್ನಿಗೆ ಕಟ್ಟಿಕೊಂಡು ಕೂತು ಕೂತು ಇಳಿಯುತ್ತಾಳೆ, ಹಾಗೇ ಹತ್ತುತ್ತಾಳೆ. ಟೀಚರ್ ಹೇಳಿದ್ದನ್ನೆಲ್ಲ ಕೇಳಿದಳು.  ಗೋಡೆ ಹಿಡಿದು ಒಳಗೆ ಹೋಗಿ ನೀರು ತಂದಳು. "ಬಿಡಮ್ಮ. ಇಷ್ಟು ದೂರ ಹತ್ತಿ ಬಂದ್ಯಲ್ಲ, ಅಷ್ಟೇ ಸಾಕು. ಕುಡಿ, ಮೊದಲು ಸುಧಾರಿಸ್ಕೋ."

ಟೀಚರ್ ಲೋಟ ತಗೊಂಡರು. ಆ ಮಂಡಿ ನೋಡಿದರು. ಗಂಟು ನೋಡಿದರು.

"ಮುಂದಿನ ವರ್ಷ ಖಂಡಿತ ಅಜ್ಜಿ. ಬಸ್ಸು ಬಂದೇ ಬರುತ್ತೆ. ಇದು ನನ್ನ ಮಾತು."

ಅಜ್ಜಿಯ ಮುಖ ಅರಳಿತು. ಇಡೀ ದಿನದಲ್ಲಿ ಅರಳಿದ ಮುಖ ಅದೊಂದೇ. ಅಪ್ಪ ಪೆನ್ನಿನ ಮುಚ್ಚಳ ಹಾಕಿದ.

"ಟೀಚರ್, ಇದನ್ನ ನಾನು ಹೊರಲ್ಲ."

ಅಷ್ಟೇ ಹೇಳಿ ಮುಂದಿನ ಮನೆಗೆ ನಡೆದುಬಿಟ್ಟ. ಛತ್ರಿ ಕೂಡ ಬಿಚ್ಚದೆ.

ಟೀಚರ ಜೊತೆ ನಾನು ಕೆಳಗಿನವರೆಗೆ ಇಳಿದೆ. ಅರ್ಧ ದಾರಿಯಲ್ಲಿ, ಬಾಯಿಗೆ ಬಂದ್ಬಿಡ್ತು, ಆ ಮುಖ ನೋಡ್ತಾ ಇಲ್ಲ ಅಂತ ಹೇಗೆ ಹೇಳೋದು ಅಂದರು. ನಾನೂ ಅದನ್ನೇ ಮಾಡಿದ್ದೆ. ಅಡುಗೆಮನೆಯಲ್ಲಿ ಈರುಳ್ಳಿ ಹಿಡಿದು ನಿಂತವಳು ನಾನು. ಕೆಟ್ಟವರಲ್ಲ ಅವರು. ನಾವ್ಯಾರೂ ಕೆಟ್ಟವರಲ್ಲ. ಅದೇ ನನಗೆ ಸಂಕಟ. ಕೆಟ್ಟವರಾಗಿದ್ದರೆ ಬೈದು ಮಲಗಬಹುದಿತ್ತು.

ಅಜ್ಜಿ ಈಗಾಗಲೇ ಅಕ್ಕಪಕ್ಕ ಹೇಳಿರುತ್ತಾಳೆ. ಮುಂದಿನ ವರ್ಷ ಬಸ್ಸಂತೆ, ಮೇಯರೇ ಮನೆಗೆ ಬಂದು ಹೇಳಿದರಂತೆ. ನಾಳೆಯೊಳಗೆ ಇಡೀ ಗುಡ್ಡ. ಅಪ್ಪ ಎರಡು ವಾರ ಬಿಸಿಲಲ್ಲಿ ತಿರುಗಿದ್ದೆಲ್ಲ ನೀರಿನಲ್ಲಿ ಹೋಮ.

ಸಂಜೆ 6.20

ಅಪ್ಪ ಬಂದ. ಇವತ್ತಿನ ಪಾಲಿನ ಮನೆಗಳಿಗೆಲ್ಲ ಹೋಗಿದ್ದನಂತೆ. ಕಡೆಗೆ ಮತ್ತೆ ಅಜ್ಜಿ ಮನೆಗೂ. ಅವರು ಹೇಳಿದ್ದು ಅವರ ಮಾತು, ನನ್ನದಲ್ಲ, ನನ್ನನ್ನ ನಂಬಿ ಕಾಯಬೇಡ ಅಂತ ಹೇಳಿ ಬಂದನಂತೆ. ಅಜ್ಜಿ ಸಿಟ್ಟಾದಳಂತೆ. ಕೊಡೋಕೂ ಬರಲ್ಲ, ಕೊಡೋರನ್ನೂ ಬಿಡಲ್ಲ ನೀನು ಅಂದಳಂತೆ. ಹೇಳಿ, ಕಾಲು ತೊಳೆಯಲು ಹೋದ.

ಫೋನು ಬರುತ್ತಿದೆ. ಟೀಚರು.

6.30

ಅಜ್ಜಿಗೆ ಒಂದು ಪತ್ರ ಹೋಗಲಿ ಅಂದರು. ನಾಳೆಯೇ ಹೋಗಲಿ.

ಯಾವ ನಮೂನೆ ಮೇಡಂ ಅಂದೆ.  ನಿಮಗೇ ಗೊತ್ತಲ್ಲ ಅಂದರು. ಮೊದಲಾಗಿದ್ದರೆ ಹೂಂ ಅಂದು ಇಟ್ಟುಬಿಡುತ್ತಿದ್ದೆ, ನಾಳೆ ಮುದ್ರೆ ಒತ್ತುತ್ತಿದ್ದೆ.

"ಗೊತ್ತಿಲ್ಲ ಮೇಡಂ. ನೀವೇ ಹೇಳಿ, ಬರ್ಕೋತೀನಿ."

ಒಂದು ನಿಮಿಷ ಇರಿ, ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾರೆ. ಲೈನಲ್ಲೇ ಇದ್ದಾರೆ, ಉಸಿರು ಕೇಳಿಸುತ್ತಿದೆ. ಅಪ್ಪ ಟವೆಲ್ ಹಿಡಿದು ಬಾಗಿಲಲ್ಲೇ ನಿಂತಿದ್ದಾನೆ. ಅಮ್ಮ ಒಲೆ ಆರಿಸಿ ಬಂದಳು. ಹಾಳೆ ಹುಡುಕಲು ಏಳುವಂತಿಲ್ಲ, ಇಲ್ಲೇ ಬರೆದುಕೊಳ್ಳುತ್ತೇನೆ. ಶುರು ಮಾಡಿದರು —

ಅಜ್ಜಿ, ಮೂರನೇ ಸಲ ನಿಮಗೆ ಮಾತು ಬದಲಾಯಿಸುತ್ತಿದ್ದೇನೆ. ಇವತ್ತು ನಿಮ್ಮ ಬಾಗಿಲಲ್ಲಿ ನಾನು ಹೇಳಿದ್ದು —